ನುಣ್ಣನೆಯ ಬೂದಿ

ನಮ್ಮ ಊರಿಗೆ ಇರುವುದು ಒಂದೇ ದಾರಿ. ಹಗಲೆಲ್ಲ ಅದು ಎಲ್ಲರ ಕಾಲ ಕೆಳಗೆ ಬಿದ್ದಿರುತ್ತದೆ; ಗಾಡಿ ಹೊರುತ್ತದೆ, ದನ ಹೊರುತ್ತದೆ, ದಿಬ್ಬಣ ಹೊರುತ್ತದೆ, ಹೆಣ ಹೊರುತ್ತದೆ. ದೀಪ ಹಚ್ಚಿದ ಮೇಲೆ ಮಲಗುತ್ತದೆ. ಮಲಗಿದ ದಾರಿಗೆ ಊರೊಳಗಿನ ಒಂದು ಹೆಜ್ಜೆಯ ಸದ್ದು ಕೇಳಿದರೂ ಸಾಕು, ಎದ್ದು ಮೈ ಕೊಡವಿಕೊಂಡು ಬೇರೆ ಊರಿಗೆ ಹೊರಟುಬಿಡುತ್ತದೆ. ಆಮೇಲೆ ನಮ್ಮಲ್ಲಿಗೆ ಯಾರೂ ಬರುವ ಹಾಗಿಲ್ಲ, ನಾವು ಎಲ್ಲಿಗೂ ಹೋಗುವ ಹಾಗಿಲ್ಲ. ಇದು ನಮ್ಮ ಊರಿನ ನಂಬಿಕೆ. ಈಗ ನಂಬಿಕೆ ಅನ್ನುತ್ತಿದ್ದೇನೆ. ಆಗ ಅದನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆಂಕಿ ಸುಡುತ್ತದೆ ಎನ್ನುವುದನ್ನು ಯಾರೂ ನಂಬಿಕೆ ಎಂದು ಕರೆಯುವುದಿಲ್ಲವಲ್ಲ, ಹಾಗೆ.

ಆದ್ದರಿಂದ ಊರಿಗೆ ಒಂದೇ ಕಟ್ಟಳೆ. ದೀಪ ಹಚ್ಚಿದ ಮೇಲೆ, ಮೊದಲ ಕಾಗೆ ಕೂಗುವವರೆಗೆ, ಯಾರ ಕಾಲೂ ನೆಲ ಮುಟ್ಟಬಾರದು.

ಸಂಜೆ ಉಂಡು ಚಾಪೆ ಹಾಸುತ್ತಿದ್ದೆವು. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಹೊಸ್ತಿಲಿನಿಂದ ಶುರುಮಾಡಿ ನೆಲದ ಮೇಲೆಲ್ಲ ಹರಡುತ್ತಿದ್ದೆವು. ಹರಡುತ್ತ ಹಿಂದೆ ಸರಿಯಬೇಕು, ಹಿಂದೆ ಸರಿಯುತ್ತ ಹರಡಬೇಕು, ಕೊನೆಗೆ ಚಾಪೆಯ ಮೇಲೆ ಕೂತು ಕಾಲು ಎತ್ತಿಕೊಳ್ಳಬೇಕು. ಎತ್ತಿಕೊಂಡು, "ದಾರಿಯೇ ಮಲಗು, ನಾನೂ ಮಲಗಿದೆ" ಎಂದು ಮೂರು ಸಲ ಹೇಳಬೇಕು. ರಾತ್ರಿ ಮಧ್ಯೆ ಹೊರಕಡೆಗೆ ಹೋಗಬೇಕಾಗಿ ಬಂದರೆ ಏನು ಮಾಡುತ್ತಿದ್ದಿರಿ ಎಂದು ನೀವು ಕೇಳಿಯೇ ಕೇಳುತ್ತೀರಿ. ಚಾಪೆಯ ತಲೆದೆಸೆಗೆ ಒಂದು ಗಡಿಗೆ ಇರುತ್ತಿತ್ತು. ಕಟ್ಟಳೆ ಮಾಡಿದವರಿಗೂ ಹೊಟ್ಟೆ ಇತ್ತು.

ನಾನು ಬೂದಿ ನೋಡುವವಳು. ನನ್ನ ಅಮ್ಮನೂ ಬೂದಿ ನೋಡುವವಳು, ಅವಳ ಅಮ್ಮನೂ. ಮೊದಲ ಕಾಗೆ ಕೂಗಿದ ಕೂಡಲೇ ಎದ್ದು, ಮನೆಮನೆಯ ಹೊಸ್ತಿಲಲ್ಲಿ ಬಗ್ಗಿ ನಿಂತು, ಬೂದಿಯ ಮೇಲೆ ಹೆಜ್ಜೆ ಇದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಇಲ್ಲದಿದ್ದರೆ "ದಾರಿ ಮಲಗಿದೆ" ಅನ್ನುತ್ತಿದ್ದೆ. ಮನೆಯವರು ನಿಟ್ಟುಸಿರು ಬಿಟ್ಟು ಬೂದಿ ಗುಡಿಸುತ್ತಿದ್ದರು. ಹೆಜ್ಜೆ ಇದ್ದರೆ ಯಾರ ಹೆಜ್ಜೆಯೋ ಅವರನ್ನು ದಾರಿಗೆ ಒಪ್ಪಿಸಬೇಕು. ಎಂದರೆ, ಕಾಲು ತೊಳೆದು, ಊರ ಬಾಗಿಲಿನಿಂದ ಆಚೆ ಕಳಿಸಬೇಕು. ಹೋದವರು ತಿರುಗಿ ನೋಡಬಾರದು, ಇದ್ದವರು ಕರೆಯಬಾರದು.

ನನ್ನ ಕಣ್ಣಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಹೆಜ್ಜೆ ಕಾಣುವುದು ಯಾವ ದೊಡ್ಡ ವಿಷಯ, ಅದು ಯಾರಿಗಾದರೂ ಕಂಡೀತು. ನನಗೆ ಕಾಣುತ್ತಿದ್ದುದು ಬೇರೆ. ರಾತ್ರಿಯಿಡೀ ಇದ್ದ ಬೂದಿಯ ಮೇಲೆ ಹಲ್ಲಿಯ ಬಾಲದ ಗೆರೆ ಇರುತ್ತದೆ. ದೀಪದ ಹುಳು ಬಿದ್ದು ಒದ್ದಾಡಿದ ಗುರುತು ಇರುತ್ತದೆ. ಬತ್ತಿಯ ಕರಿ ಉದುರಿರುತ್ತದೆ. ಮಲಗಿದವರ ಮೂಗಿನ ಹತ್ತಿರ ಉಸಿರು ತಾಗಿ ಸಣ್ಣ ಸುಕ್ಕು ಬಿದ್ದಿರುತ್ತದೆ. ಇವು ಒಂದೂ ಇಲ್ಲದೆ ಬೂದಿ ನುಣ್ಣಗೆ ಇದ್ದರೆ, ಅದು ರಾತ್ರಿಯ ಬೂದಿಯಲ್ಲ. ಯಾರೋ ನಡೆದಿದ್ದಾರೆ, ನಡೆದು, ಹೆಜ್ಜೆಯ ಮೇಲೆ ಹೊಸ ಬೂದಿ ಸೋಸಿದ್ದಾರೆ. ಇದನ್ನು ಅಮ್ಮ ನನಗೊಬ್ಬಳಿಗೇ ಹೇಳಿಕೊಟ್ಟಿದ್ದಳು. ತಂಗಿಗೆ ಹೇಳಿಕೊಟ್ಟಿರಲಿಲ್ಲ.

ಅಮ್ಮ ಹೋದಮೇಲೆ ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ತಂಗಿ. ತಂಗಿ ಬುಟ್ಟಿ ಹೆಣೆಯುತ್ತಿದ್ದಳು. ಹಗಲು ಅವಳಷ್ಟು ಚುರುಕಿನವರು ಊರಲ್ಲಿ ಇರಲಿಲ್ಲ. ಸಂಜೆ ಕಾಲು ಎತ್ತಿಕೊಂಡು ಕೂತಳೋ, ಶುರುವಾಗುತ್ತಿತ್ತು. ಮೊದಲು ಹೆಬ್ಬೆರಳು ಅಲುಗುತ್ತಿತ್ತು, ಆಮೇಲೆ ಪಾದ, ಆಮೇಲೆ ಮೀನಖಂಡ, ಆಮೇಲೆ ಇಡೀ ಕಾಲು. ಮಡಚುವಳು, ಚಾಚುವಳು. ಚಾಚುವಳು, ಮಡಚುವಳು. ಚಾಪೆ ಕರಕರ ಅನ್ನುತ್ತಿತ್ತು.

"ನೋಯ್ತಿದೆಯೇನೇ?" ಎಂದು ಕೇಳಿದೆ.

"ನೋವಾಗಿದ್ರೆ ತಡ್ಕೋತಿದ್ದೆ ಅಕ್ಕ. ಇದು ನೋವಲ್ಲ. ಮೂಳೆ ಒಳಗೆ ಇರುವೆ ಹರಿದ ಹಾಗಾಗುತ್ತೆ. ಯಾರೋ ಒಳಗಿಂದ ಏಳು ಏಳು ಅಂತಿರ್ತಾರೆ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಹೋಗುತ್ತೆ ಅನ್ಸುತ್ತೆ."

"ಆ ಮಾತು ಮಾತ್ರ ಆಡ್ಬೇಡ," ಅಂದೆ.

ಮರುದಿನ ಮದ್ದಿನಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಮದ್ದಿನಜ್ಜಿ ಊರಿನ ಗಿಡಮೂಲಿಕೆಗಳನ್ನೆಲ್ಲ ಬಲ್ಲವಳು, ಹಲ್ಲಿಲ್ಲದವಳು. ತಂಗಿಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಹಿಮ್ಮಡಿಯಿಂದ ಮೇಲಕ್ಕೆ ಒತ್ತಿ ನೋಡಿದಳು.

"ಸಂಜೆ ಹೊತ್ತು ಕಾಫಿ ಕುಡೀತೀಯಾ?"

"ಒಂದು ಲೋಟ, ಅಜ್ಜಿ."

"ಬಿಡು ಅದನ್ನ. ನುಗ್ಗೆಸೊಪ್ಪು ತಿನ್ನು, ಹುರುಳಿಕಟ್ಟು ಕುಡಿ, ಮೈಯಲ್ಲಿ ರಕ್ತ ಆಗ್ಲಿ. ಮಲಗೋಕೆ ಮೊದ್ಲು ಬಿಸಿನೀರಲ್ಲಿ ಕಾಲು ಇಟ್ಕೊಂಡು ಕೂತ್ಕೋ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಎಳ್ಳೆಣ್ಣೆ ಬೆಚ್ಚಗೆ ಮಾಡಿ ಇವಳ ಕಾಲು ತಿಕ್ಕು. ಹಿಮ್ಮಡಿಯಿಂದ ಮೇಲಕ್ಕೆ ತಿಕ್ಕು, ಕೆಳಕ್ಕೆ ಬೇಡ."

"ಎಷ್ಟು ಹೊತ್ತು?"

"ಕಾಲು ಸಾಕು ಅನ್ನೋವರೆಗೆ. ನಿನ್ನ ಕೈ ಸಾಕು ಅನ್ನೋವರೆಗೆ ಅಲ್ಲ."

ಎಲ್ಲಕ್ಕಿಂತ ದೊಡ್ಡ ಮದ್ದು ಇನ್ನೊಂದಿದೆ, ಅದನ್ನು ಈ ಊರಲ್ಲಿ ಹೇಳುವ ಹಾಗಿಲ್ಲ ಎಂದಳು. ಅದೇನೆಂದು ಕೇಳುವ ಅಗತ್ಯ ನಮ್ಮಿಬ್ಬರಿಗೂ ಬೀಳಲಿಲ್ಲ.

ತಂಗಿ ಕಾಫಿ ಬಿಟ್ಟಳು. ದಿನಾ ನುಗ್ಗೆಸೊಪ್ಪಿನ ಪಲ್ಯ. ನನಗೂ ಅದೇ, ನಾಲಿಗೆ ಜಡ್ಡುಗಟ್ಟಿಹೋಯಿತು. ಸಂಜೆ ಬಿಸಿನೀರಲ್ಲಿ ಕಾಲು ಅದ್ದಿ ಕೂರುತ್ತಿದ್ದಳು. ಸ್ವಲ್ಪ ಹಗುರಾಗುತ್ತಿತ್ತು. ದೀಪ ಹಚ್ಚಿದ ಮೇಲೆ, ಚಾಪೆಯ ಅಂಚಿನಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು, ಎಣ್ಣೆ ಕಾಯಿಸಿ ನಾನು ತಿಕ್ಕುತ್ತಿದ್ದೆ. ಅವಳ ಕಾಲು ನನ್ನ ಕೈಯೊಳಗೆ ಹಿಡಿದು ತಂದ ಕೋಳಿಯಂತೆ ಒದ್ದಾಡುತ್ತಿತ್ತು. ನನಗೋ ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು. ಹೆಬ್ಬೆರಳ ಬುಡ ನೋಯಲು ಶುರುವಾದ ಕೂಡಲೇ ಕೈ ಒರೆಸಿಕೊಳ್ಳುತ್ತಿದ್ದೆ.

"ಇನ್ನೂ ಸ್ವಲ್ಪ ಹೊತ್ತು, ಅಕ್ಕ."

"ಬೆಳಗಾನ ತಿಕ್ಕಿದ್ರೂ ನಿನ್ನ ಕಾಲು ಸುಮ್ನಿರೋದಿಲ್ಲ."

ಒಂದು ದಿನ ಹಾಗಂದೆ, ಎರಡನೆಯ ದಿನ ಹಾಗಂದೆ. ಐದಾರು ದಿನ ತಿಕ್ಕಿರಬಹುದು, ಕಾಲು ಸಾಕು ಅನ್ನುವವರೆಗೆ ಒಂದು ದಿನವೂ ಕೂರಲಿಲ್ಲ. ಏಳನೆಯ ದಿನ ಎಣ್ಣೆಯ ಬಟ್ಟಲನ್ನು ಅವಳ ಕಡೆಗೇ ಸರಿಸಿಬಿಟ್ಟೆ. ನಿನ್ನ ಕಾಲು, ನೀನೇ ಬುದ್ಧಿ ಹೇಳಿಕೋ ಎಂದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಕಾಲು ತಾನಾಗಿ ನಿಲ್ಲುತ್ತದೆ, ನಾನು ಮಲಗುವುದಿಲ್ಲವೇ, ಊರೆಲ್ಲ ಮಲಗುವುದಿಲ್ಲವೇ ಎಂದೆ. ಅವಳು ಬಗ್ಗಿ ತನ್ನ ಕಾಲನ್ನು ತಾನೇ ತಿಕ್ಕಿಕೊಳ್ಳತೊಡಗಿದಳು. ನಾನು ಗೋಡೆಯ ಕಡೆ ಹೊರಳಿಕೊಂಡೆ. ನನ್ನದು ಒಮ್ಮೆ ಹತ್ತಿದರೆ ಕಲ್ಲಿನಂಥ ನಿದ್ದೆ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ ನಮ್ಮದೇ ಮನೆಯ ಬೂದಿ ನುಣ್ಣಗೆ ಕಂಡಿತು.

ಹಲ್ಲಿಯ ಗೆರೆ ಇಲ್ಲ. ಹುಳುವಿನ ಗುರುತು ಇಲ್ಲ. ಬತ್ತಿಯ ಕರಿ ಇಲ್ಲ. ತಂಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು, ಅವಳ ಕಾಲು ಎರಡೂ ಮಗುವಿನ ಕಾಲಿನ ಹಾಗೆ ತಣ್ಣಗೆ ಬಿದ್ದಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ಬೂದಿ ಇತ್ತು. ನಾನು ಒದ್ದೆ ಬಟ್ಟೆ ತಂದು ಆ ಹಿಮ್ಮಡಿ ಒರೆಸಿದೆ. ಒರೆಸಿ, ಬೂದಿ ಗುಡಿಸಿ, ಊರು ನೋಡಲು ಹೊರಟೆ. ಮರುದಿನವೂ ಬೂದಿ ನುಣ್ಣಗಿತ್ತು. ಮರುದಿನವೂ ಹಿಮ್ಮಡಿ ಒರೆಸಿದೆ. ಕಂಡೂ ಸುಮ್ಮನಿದ್ದೆನಲ್ಲ, ಅದನ್ನು ಪ್ರೀತಿ ಎಂದುಕೊಂಡಿದ್ದೆ. ಈಗ ಅನಿಸುತ್ತದೆ, ಎದ್ದು ಕೂತು ಕಾಲು ತಿಕ್ಕುವುದಕ್ಕಿಂತ ಸುಮ್ಮನಿರುವುದು ಸುಲಭವಾಗಿತ್ತು.

ಬೂದಿ ನೋಡುವವಳ ಮನೆಯನ್ನು ಯಾರು ನೋಡಬೇಕು? ಅದಕ್ಕೂ ಪದ್ಧತಿ ಇತ್ತು. ಅಮಾವಾಸ್ಯೆಯ ಮರುದಿನ ಬೆಳಗ್ಗೆ ಊರ ಯಜಮಾನಿ ನಾಲ್ಕು ಜನರನ್ನು ಕರೆದುಕೊಂಡು ನಮ್ಮ ಹೊಸ್ತಿಲಿಗೆ ಬರುತ್ತಿದ್ದಳು. ಯಜಮಾನಿ ಎಂದರೆ ಕಟ್ಟಳೆ ಕಾಯುವವಳು, ವಯಸ್ಸಾದವಳು, ಬೆಳ್ಳಗಿನ ಸೀರೆಯವಳು. ಅವಳ ಮಾತಿಗೆ ಎದುರು ಮಾತು ಇರಲಿಲ್ಲ. ಆ ತಿಂಗಳೂ ಬಂದಳು. ಹೊಸ್ತಿಲಲ್ಲಿ ನಿಂತು ಬೂದಿಯನ್ನು ನೋಡಿದಳು. ತಂಗಿ ಚಾಪೆಯ ಮೇಲೆ ಕಾಲು ಮಡಚಿ ತಲೆ ತಗ್ಗಿಸಿ ಕೂತಿದ್ದಳು.

"ಊರಲ್ಲೇ ಚೊಕ್ಕ ಬೂದಿ ನಿಮ್ಮನೇದು," ಎಂದಳು ಯಜಮಾನಿ. "ದಾರಿ ಮಲಗಿದೆ."

ಅಲ್ಲಿಗೆ ಮುಗಿಯಬೇಕಿತ್ತು. ಅವಳು ತಿರುಗಿಯೂ ಆಗಿತ್ತು. ತಿರುಗುತ್ತ ಜೊತೆಗಿದ್ದವರಿಗೆ, ಬರಿಯ ಮಾತಿಗೆ, ಹೀಗೆಂದಳು: "ಎಷ್ಟು ವರ್ಷ ಆಯ್ತು ಒಂದು ಹೆಜ್ಜೆ ಸಿಕ್ಕಿ? ಈ ಕೆಲಸಕ್ಕೆ ಬೇರೆ ಒಬ್ಬಳು ಯಾಕೆ ಬೇಕು ಅಂತ. ಕಣ್ಣಿದ್ದೋರು ಯಾರು ಬೇಕಾದ್ರೂ ನೋಡ್ಬಹುದು."

ನಾಲ್ಕೂ ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಕೆಲಸ, ಅಜ್ಜಿಯ ಕೆಲಸ, ನಲವತ್ತು ವರ್ಷ ಸೊಂಟ ಬಗ್ಗಿಸಿದ ಕೆಲಸ.

"ನಿಮಗೆ ಕಾಣದ್ದು ನನಗೆ ಕಾಣುತ್ತೆ," ಅಂದೆ. "ಇದು ಚೊಕ್ಕ ಬೂದಿ ಅಂದ್ರಲ್ಲ, ಇದರ ಮೇಲೆ ಹಲ್ಲಿ ಹರಿದ ಗೆರೆ ಎಲ್ಲಿದೆ? ಬತ್ತಿ ಕರಿ ಎಲ್ಲಿದೆ? ಇದು ಬೆಳಗಿನ ಜಾವ ಸೋಸಿದ ಬೂದಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇನು ಮಾತು ಎಂದು ನನಗೆ ಗೊತ್ತಾಯಿತು. ನಗು ನಿಂತಿತು. ಯಜಮಾನಿ ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ಅವಳ ಮುಖ ಬೂದಿಗಿಂತ ಬೆಳ್ಳಗಾಗಿತ್ತು. ಮಾತು ತಿರುಗಿಸಲಿ ಎಂದು ಕಾಯುತ್ತಿದ್ದಳೇನೋ, ಈಗ ಹಾಗನಿಸುತ್ತದೆ. ನಾನು ನಡೆದೆ ಎಂದು ಒಂದು ಮಾತು ಹೇಳಿದ್ದರೂ ಆಗುತ್ತಿತ್ತು. ಹೇಳಲಿಲ್ಲ.

"ನಡೆದದ್ದು ನಾನು," ಎಂದಳು ತಂಗಿ. "ಅಕ್ಕ ಮಲಗಿದ್ಲು."

ಅವಳ ಕಾಲನ್ನು ನಾನೇ ತೊಳೆಯಬೇಕಾಯಿತು, ಮನೆಯ ಹಿರಿಯಳು ನಾನೇ ತಾನೆ. ಊರ ಬಾಗಿಲಲ್ಲಿ ಕಲ್ಲಿನ ಮೇಲೆ ಕೂರಿಸಿ, ತಣ್ಣೀರಿನಲ್ಲಿ, ಎಲ್ಲರ ಎದುರಿಗೆ ತೊಳೆದೆ. ಬಿಸಿನೀರು ತರಬಹುದಿತ್ತು. ನೀರು ಬಿಸಿಯಿರಬಾರದೆಂದು ಕಟ್ಟಳೆಯೇನೂ ಇರಲಿಲ್ಲ, ನನಗೆ ಹೊಳೆಯಲೇ ಇಲ್ಲ.

"ಅಳ್ಬೇಡ ಅಕ್ಕ," ಎಂದಳು. "ಇನ್ಮೇಲೆ ಎಷ್ಟು ಬೇಕಾದ್ರೂ ನಡೀಬಹುದಲ್ಲ ನಾನು."

ನಗುತ್ತಲೇ ಹೇಳಿದಳು. ಆಮೇಲೆ ಎದ್ದು ನಡೆದಳು. ತಿರುಗಿ ನೋಡಬಾರದು, ನೋಡಲಿಲ್ಲ. ಕರೆಯಬಾರದು, ಕರೆಯಲಿಲ್ಲ. ದಾರಿ ಅವಳನ್ನು ಹೊತ್ತುಕೊಂಡು ಹೋಯಿತು. ನಾನ್ಯಾಕೆ ಹಿಂದೆ ಓಡಲಿಲ್ಲ ಎಂದು ಕೇಳಬೇಡಿ. ಜನ ನನ್ನ ಕಣ್ಣನ್ನು ಹೊಗಳುತ್ತಿದ್ದರು. ಒಡಹುಟ್ಟಿದವಳೆಂದೂ ನೋಡಲಿಲ್ಲ, ಎಂಥ ನಿಷ್ಠೆ ಎನ್ನುತ್ತಿದ್ದರು. ನಾನು ಅದನ್ನು ಕೇಳುತ್ತ ನಿಂತಿದ್ದೆ, ಅಷ್ಟೇ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ನನಗೂ ಸಾಕಾಗಿದೆ.

ಅವಳು ಹೋದ ಮೇಲೆ ಮನೆಯಲ್ಲಿ ಚಾಪೆಯ ಸದ್ದು ನಿಂತಿತು. ಆ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ದಾರಿಯಲ್ಲಿ ಬರುವ ಬುಟ್ಟಿಯವರನ್ನೂ ಉಪ್ಪಿನವರನ್ನೂ ಕೇಳುತ್ತಿದ್ದೆ, ಸಂಜೆಯಾದರೆ ಒಂದೆಡೆ ಕೂರಲಾರದ ಹೆಂಗಸನ್ನು ಎಲ್ಲಾದರೂ ಕಂಡಿರಾ ಎಂದು. ಕಂಡವರು ಇರಲಿಲ್ಲ.

ಅದೇ ತಿಂಗಳಲ್ಲಿ ಮಡಕೆ ಮಾಡುವವನ ಮನೆಯಲ್ಲಿ ನುಣ್ಣನೆಯ ಬೂದಿ ಕಂಡಿತು. ನನ್ನ ಮಾತು ಊರಲ್ಲಿ ಹರಡಿತ್ತು. ಬೂದಿ ಸೋಸಿದ ಮೇಲೆ ಅದರ ಮೇಲೆ ಏನಾದರೂ ಗೀಚಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಪಾಪ, ಹಲ್ಲಿಯ ಗೆರೆ ಎಂದು ಹಾವಿನಷ್ಟು ದಪ್ಪದ್ದನ್ನು ಎಳೆದಿದ್ದ. ಚಾಪೆಯ ಮೇಲೆ ಅವನ ಬಸುರಿ ಹೆಂಡತಿ ಕೂತಿದ್ದಳು. ಅವಳ ಪಾದ ಸೆರಗಿನ ಕೆಳಗೆ ಅಲುಗುತ್ತಿತ್ತು. ಮಡಕೆ ಮಾಡುವವನು ಕೈಮುಗಿದು ನಿಂತಿದ್ದ. ನಾನು ಪೊರಕೆಯಿಂದ ಒಂದು ಕಡ್ಡಿ ಕಿತ್ತುಕೊಂಡು ಒಳಗೆ ಹೋದೆ. ಆ ದಪ್ಪ ಗೆರೆ ಅಳಿಸಿ, ಕಡ್ಡಿಯ ತುದಿಯಿಂದ ತೆಳ್ಳಗೆ ಎಳೆದೆ. ಎರಡು ಕಡೆ ಹುಳು ಒದ್ದಾಡಿಸಿದೆ. ದೀಪದ ಕರಿ ಉಗುರಿಂದ ಕೆರೆದು ಉದುರಿಸಿದೆ. ಆಮೇಲೆ ಹೊಸ್ತಿಲಿಗೆ ಬಂದು, ಬೀದಿಗೆ ಕೇಳುವ ಹಾಗೆ, "ದಾರಿ ಮಲಗಿದೆ" ಅಂದೆ.

ಒಂದು ಕಡ್ಡಿಯ ಕೆಲಸ. ತಂಗಿಗಾಗಿ ಅದನ್ನು ಮಾಡಲಿಲ್ಲ.

ಇಷ್ಟು ವರ್ಷ ಹೆಜ್ಜೆಯಿಲ್ಲವೆಂದರೆ ಮುಂದಿನ ಮನೆಗೆ ಹೊರಟುಬಿಡುತ್ತಿದ್ದೆ; ಆಮೇಲೆ ನಿಂತು ನೋಡಿದರೆ ಹೂ ಕಟ್ಟುವವಳ ಮನೆಯಲ್ಲಿ, ಗಾಣದವನ ಮನೆಯಲ್ಲಿ, ಕಂಚುಗಾರನ ಮುದಿ ತಾಯಿಯ ಕೋಣೆಯಲ್ಲಿ. ಯಾರೂ ಯಾರಿಗೂ ಹೇಳಿಕೊಳ್ಳದೆ, ಇಡೀ ಊರಿನಲ್ಲಿ ಒಂದೊಂದು ಮನೆ ಬಿಟ್ಟು ಒಂದೊಂದು ಮನೆಯಲ್ಲಿ, ಯಾರೋ ಒಬ್ಬರು ಚಾಪೆಯ ಮೇಲೆ ಕಾಲು ಮಡಚುತ್ತ ಚಾಚುತ್ತ ಇದ್ದರು. ಪ್ರತಿಯೊಬ್ಬರೂ ಊರೆಲ್ಲ ಮಲಗಿದೆ, ತಮ್ಮ ಕಾಲೊಂದೇ ಕೆಟ್ಟದ್ದು ಎಂದುಕೊಂಡಿದ್ದರು. ನಾನು ಸೊಂಟದಲ್ಲಿ ಕಡ್ಡಿ ಸಿಕ್ಕಿಸಿಕೊಂಡೇ ಓಡಾಡತೊಡಗಿದೆ. ಹೋದಲ್ಲೆಲ್ಲ ಮದ್ದಿನಜ್ಜಿಯ ಮಾತನ್ನೂ ಹೇಳಿ ಬರುತ್ತಿದ್ದೆ: ಸಂಜೆಯ ಕಾಫಿ ಬಿಡಿ, ನುಗ್ಗೆಸೊಪ್ಪು ತಿನ್ನಿ, ಬಿಸಿನೀರಲ್ಲಿ ಕಾಲು ಇಡಿ, ತಿಕ್ಕುವವರು ಇದ್ದರೆ ತಿಕ್ಕಿಸಿಕೊಳ್ಳಿ. ಕೊನೆಯ ಮಾತನ್ನು ಹೊಸ್ತಿಲು ದಾಟುತ್ತ ಹೇಳುತ್ತಿದ್ದೆ.

ಯಜಮಾನಿಯ ಮನೆಯ ಬೂದಿಯನ್ನು ಅಂಗಳದಲ್ಲಿ ನಿಂತು ದೂರದಿಂದಲೇ ನೋಡುವುದು ವಾಡಿಕೆ. ನಲವತ್ತು ವರ್ಷ ಹಾಗೇ ನೋಡಿದ್ದೆ. ಒಂದು ಬೆಳಗ್ಗೆ ಏನನಿಸಿತೋ, ಮೆಟ್ಟಿಲು ಹತ್ತಿ ಹೊಸ್ತಿಲಲ್ಲಿ ಬಗ್ಗಿದೆ. ಬೂದಿ ನುಣ್ಣಗೆ, ತೀರಾ ನುಣ್ಣಗೆ ಇತ್ತು. ಯಜಮಾನಿ ಚಾಪೆಯ ಮೇಲೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು.

"ಎಷ್ಟು ವರ್ಷದಿಂದ?" ಎಂದು ಕೇಳಿದೆ.

"ನೀನು ಈ ಕೆಲಸಕ್ಕೆ ಬರೋ ಮೊದ್ಲಿಂದ. ನಿಮ್ಮಮ್ಮಂಗೆ ಗೊತ್ತಿತ್ತು."

"ನನ್ನ ತಂಗೀನ ಕಳಿಸಿದ್ರಲ್ಲ."

"ನಾಲ್ಕು ಜನರ ಮುಂದೆ ನೀನು ಹೇಳಿದೆ. ಹೇಳ್ದೆ ಇದ್ದಿದ್ರೆ ನಾನು ತಿರುಗಿ ಹೋಗಿಬಿಡ್ತಿದ್ದೆನಲ್ಲೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ದಿನಾ ಬೆಳಗ್ಗೆ ಎದ್ದು ಮೊದ್ಲು ಈ ಕಿಟಕಿಯಿಂದ ನೋಡ್ತೀನಿ. ರಾತ್ರಿಯೆಲ್ಲ ನಡೆದಿದೀನಿ, ಇವತ್ತಾದ್ರೂ ದಾರಿ ಎದ್ದು ಹೋಗಿರುತ್ತೆ ಅಂತ. ಹೋಗಿರೋದಿಲ್ಲ. ಅಲ್ಲೇ ಬಿದ್ದಿರುತ್ತೆ."

"ಮತ್ತೆ ಕಟ್ಟಳೆ ಯಾಕಮ್ಮಾ?"

"ಇಷ್ಟು ಜನನ್ನ ಕಳಿಸಿದ ಮೇಲೆ, ತಪ್ಪಾಯ್ತು ಅಂತ ಯಾವ ಬಾಯಲ್ಲಿ ಹೇಳಲಿ?"

ಅವಳನ್ನು ಬಯ್ಯಲು ಬಾಯಿ ತೆರೆದೆ. ಬಯ್ಯುವ ಯೋಗ್ಯತೆ ನನಗಿರಲಿಲ್ಲ. ಕಡ್ಡಿ ತೆಗೆದು ಅವಳ ಬೂದಿಯ ಮೇಲೂ ಹಲ್ಲಿ ಹರಿಸಿದೆ. ಹೊರಡುವಾಗ ಅವಳು, ಈ ಕಡೆ ನೋಡದೆ, ತಿಕ್ಕುವವರು ತನಗೆ ಯಾರೂ ಇಲ್ಲವೆಂದಳು.

ಅಂದು ಸಂಜೆ ದೀಪಕ್ಕೆ ಮೊದಲೇ ಅವಳ ಮನೆಗೆ ಹೋದೆ. ಬೂದಿ ಹರಡುತ್ತ ಹರಡುತ್ತ ಹಿಂದೆ ಸರಿದು ಅವಳ ಚಾಪೆಯ ಮೇಲೇ ಕೂತೆ. ಅಗ್ಗಿಷ್ಟಿಕೆಯಲ್ಲಿ ಎಳ್ಳೆಣ್ಣೆ ಕಾಯಿಸಿ, ಬಟ್ಟಲನ್ನು ಕೆಳಗಿಳಿಸಿ, ಅವಳ ಕಾಲನ್ನು ಮಡಿಲಿಗೆ ಎಳೆದುಕೊಂಡೆ. ಸುಕ್ಕುಬಿದ್ದ, ಮೂಳೆ ಎದ್ದ ಕಾಲು. ಹಿಮ್ಮಡಿಯಿಂದ ಮೇಲಕ್ಕೆ ತಿಕ್ಕಿದೆ. ಮತ್ತೆ ಹಿಮ್ಮಡಿಯಿಂದ ಮೇಲಕ್ಕೆ ತಿಕ್ಕಿದೆ. ಕಾಲು ಒದ್ದಾಡಿತು, ಸೆಟೆಯಿತು, ಮತ್ತೆ ಒದ್ದಾಡಿತು. ತಂಗಿಯ ಕಾಲೂ ಹೀಗೇ ಒದ್ದಾಡುತ್ತಿತ್ತು.

ಹೆಬ್ಬೆರಳ ಬುಡ ನೋಯತೊಡಗಿತು. ಅಷ್ಟು ದಿನವೂ ನಾನು ಕೈ ಒರೆಸಿಕೊಂಡು ಹೊರಳಿಕೊಳ್ಳುತ್ತಿದ್ದುದು ಅಲ್ಲಿಗೇ. ಈ ಸಲ ಎದ್ದು ಹೋಗುವ ಹಾಗಿರಲಿಲ್ಲ, ಸುತ್ತಲೂ ಬೂದಿ. ಬೇರೆ ದಾರಿಯಿಲ್ಲದೆ ತಿಕ್ಕುತ್ತ ಕೂತೆ. ಬೆಳಗಾಗುವವರೆಗೆ ಹೀಗೇ ಕೂರಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬೆಳಗಾದರೂ ಆಗಲಿ, ತಂಗಿಗೆ ಕೊಡದಿದ್ದ ಒಂದು ರಾತ್ರಿಯನ್ನು ಇವಳಿಗಾದರೂ ಕೊಟ್ಟೇನು ಎಂದುಕೊಂಡೆ.

ಅದಾದ ಮೇಲೆ ಹಿಮ್ಮಡಿಯಿಂದ ಮೇಲಕ್ಕೆ ನಾಲ್ಕು ಸಲ ತಿಕ್ಕಿರಬೇಕು, ಹೆಚ್ಚೆಂದರೆ ಐದು. ಕಾಲು ಒಮ್ಮೆ ನಡುಗಿ, ಸಡಿಲವಾಗಿ, ಭಾರವಾಗಿ ನನ್ನ ಮಡಿಲಿಗೆ ಬಿತ್ತು. ತಲೆಯೆತ್ತಿ ನೋಡಿದೆ. ಯಜಮಾನಿಗೆ ನಿದ್ದೆ ಹತ್ತಿತ್ತು.

ಇನ್ನೊಂದು ಕಾಲಿಗೆ ಬೇಕಲ್ಲ ಎಂದು, ಎಣ್ಣೆ ಮತ್ತೆ ಕಾಯಿಸಲು ಬಟ್ಟಲಿಗೆ ಕೈ ಹಾಕಿದೆ. ಬಟ್ಟಲು ಮುಟ್ಟಿದವಳು ಅಲ್ಲೇ ಕೂತು ಅಳತೊಡಗಿದೆ. ಎಣ್ಣೆ ಇನ್ನೂ ಬೆಚ್ಚಗೇ ಇತ್ತು.